ಅರ್ಜಿ ಹಿಡಿದು ಓಡಿದ ಮನುಷ್ಯ: ತನಾಕಾ ಶೋಜೊ

ಈ ಸಲದ ಬೇಸಿಗೆ ರಜೆಯಲ್ಲಿ ನಮ್ಮ ಮಾಮು ನನಗೆ ಒಂದು ಕೆಲಸ ಹೇಳಿದರು. ಅವರ ಊರಿನ ಬಾವಿ ನೀರು ಹಾಳಾಗಿದೆ, ಅದರ ಬಗ್ಗೆ ಕನ್ನಡದಲ್ಲಿ ಒಂದು ಅರ್ಜಿ ಬರೆದುಕೊಡಬೇಕು ಎಂದರು. ನಮ್ಮ ಮನೆಮಾತು ಉರ್ದು. ಮಾಮು ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಆದರೆ ಬರೆಯಲು ಬರುವುದಿಲ್ಲ. ಎರಡೂ ಮನೆಗಳಲ್ಲಿ ಪಿಯುಸಿವರೆಗೆ ಬಂದವಳು ನಾನೊಬ್ಬಳೇ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಹೂಂ ಎಂದೆ. ಆದರೆ ರಜೆ ಮುಗಿದರೂ ಬರೆಯಲಿಲ್ಲ. ಏಕೆಂದರೆ ಮಾಮು ಊರಿನ ಹಳ್ಳಕ್ಕೆ ನೀರು ಬಿಡುವ ಕಾರ್ಖಾನೆಯಲ್ಲೇ ನಮ್ಮ ಅಬ್ಬಾ 14 ವರ್ಷಗಳಿಂದ ದುಡಿಯುತ್ತಿದ್ದಾರೆ. ನನ್ನ ಕಾಲೇಜಿನ ಫೀಸು ಬರುವುದು ಅಲ್ಲಿಂದಲೇ.

ಕಾಲೇಜು ಶುರುವಾದ ಮೇಲೆ ಒಂದು ದಿನ ಅರ್ಥಶಾಸ್ತ್ರದ ಸರ್ ಉತ್ಪಾದನಾ ವೆಚ್ಚದ ಪಾಠ ಮಾಡುತ್ತಾ, ಕಂಪನಿ ಕೊಡದ ವೆಚ್ಚವನ್ನು ಬೇರೆ ಯಾರೋ ಕೊಡುತ್ತಿರುತ್ತಾರೆ ಎಂದು ಹೇಳಿದರು. ಅದಕ್ಕೆ ಉದಾಹರಣೆಯಾಗಿ ಜಪಾನಿನ ತನಾಕಾ ಶೋಜೊ ಎಂಬವರ ಹೆಸರು ತೆಗೆದರು. ಆ ಹೆಸರು ನಾನು ಕೇಳಿರಲಿಲ್ಲ. ಜಪಾನಿನಲ್ಲಿ ಮಾತ್ರ ಶಾಲೆಯ ಮಕ್ಕಳಿಗೂ ಅವರು ಗೊತ್ತಂತೆ. ಅವರ ಬಗ್ಗೆ ಹುಡುಕಿ ಓದಿದೆ. ಓದಿದ್ದನ್ನು ನಿಮಗೂ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ತನಾಕಾ ಎಂಬುದು ಮನೆತನ, ಶೋಜೊ ಎಂಬುದು ಅವರ ಹೆಸರು. ಅವರು ಹುಟ್ಟಿದ್ದು 1841ರಲ್ಲಿ, ಟೋಕಿಯೋದ ಉತ್ತರಕ್ಕೆ ಈಗಿನ ತೋಚಿಗಿ ಪ್ರಾಂತ್ಯದಲ್ಲಿರುವ ಕೊನಾಕಾ ಎಂಬ ಹಳ್ಳಿಯಲ್ಲಿ. ತಂದೆ ಊರಿನ ಮುಖ್ಯಸ್ಥರು. ನಮ್ಮ ಕಡೆ ಹಿಂದೆ ಪಟೇಲರು ಇದ್ದರಲ್ಲ, ಹಾಗೆ. ಶೋಜೊ ಹೆಚ್ಚುಕಡಿಮೆ ನನ್ನ ವಯಸ್ಸಿನಲ್ಲೇ ಆ ಹೊಣೆ ಹೊತ್ತರು. ಹೊಲದ ಕೆಲಸದ ಜೊತೆಗೆ ನೀಲಿ ಬಣ್ಣದ ವ್ಯಾಪಾರವನ್ನೂ ಮಾಡುತ್ತಿದ್ದರು.

ಆ ಊರಿನ ಜಮೀನಿನ ಒಡೆತನ ರೊಕ್ಕಾಕು ಎಂಬ ದೊಡ್ಡ ಮನೆತನದ್ದು. ಅವರು ಹಳೆಯ ವಾಡಿಕೆ ಮೀರಿ ರೈತರಿಂದ ಹೆಚ್ಚು ವಸೂಲಿ ಮಾಡಲು ಹೊರಟರು. ಶೋಜೊ ಊರವರ ಪರವಾಗಿ ದೂರು ಕೊಟ್ಟರು. ಅದಕ್ಕಾಗಿ 1868ರಲ್ಲಿ ಅವರನ್ನು ಹಿಡಿದು, ನೆಟ್ಟಗೆ ನಿಲ್ಲಲೂ ಆಗದ, ಕಾಲು ಚಾಚಲೂ ಆಗದ ಗೂಡಿನಂಥ ಸೆರೆಯಲ್ಲಿ 10 ತಿಂಗಳಿಗೂ ಹೆಚ್ಚು ಕಾಲ ಇಟ್ಟರು. ಊಟದಲ್ಲಿ ವಿಷ ಹಾಕಬಹುದೆಂದು ಹೆದರಿ, ಹೊರಗಿನಿಂದ ಗುಟ್ಟಾಗಿ ಬಂದ ಒಣಮೀನು ಜಗಿದುಕೊಂಡು ಅವರು ದಿನ ಕಳೆದರಂತೆ.

ಬಿಡುಗಡೆಯಾದ ಮೇಲೆ ಉತ್ತರದ ಒಂದು ಪ್ರಾಂತ್ಯದಲ್ಲಿ ಸಣ್ಣ ಸರ್ಕಾರಿ ಕೆಲಸಕ್ಕೆ ಸೇರಿದರು. ಅಲ್ಲಿ 1871ರಲ್ಲಿ ಅವರ ಮೇಲಧಿಕಾರಿಯ ಕೊಲೆಯಾಯಿತು. ಮಾಡದ ತಪ್ಪಿಗೆ ಶೋಜೊ ಮತ್ತೆ ಜೈಲು ಸೇರಿದರು. ನಿರಪರಾಧಿ ಎಂದು ಹೊರಗೆ ಬಂದಾಗ 1874 ಆಗಿತ್ತು. ಆ ಮೂರು ವರ್ಷ ಅವರು ಜೈಲಿನಲ್ಲಿ ಪುಸ್ತಕ ಓದಿ ಕಳೆದರು. ಶಾಲೆಯಲ್ಲಿ ಸಿಗದ ಓದು ಅಲ್ಲಿ ಸಿಕ್ಕಿತು.

ಮುಂದಿನ ಸಂಗತಿ ವಾಣಿಜ್ಯ ಓದುವ ನಮ್ಮಂಥವರು ಗಮನಿಸಬೇಕಾದದ್ದು. ಊರಿಗೆ ಮರಳಿದ ಮೇಲೆ, ಜಮೀನಿನ ಬೆಲೆ ಏರುತ್ತದೆ ಎಂದು ಊಹಿಸಿ ಅವರು ಸಾಲ ಸೋಲ ಮಾಡಿ ಜಮೀನು ಕೊಂಡರು. ಬೆಲೆ ಏರಿತು, ಮಾರಿದರು, ಸುಮಾರು 3,000 ಯೆನ್ ಉಳಿಯಿತು. ಆ ಕಾಲಕ್ಕೆ ಅದು ದೊಡ್ಡ ಹಣ. ಅಂದರೆ ಅವರಿಗೆ ವ್ಯಾಪಾರ ಗೊತ್ತಿರಲಿಲ್ಲ ಎಂದಲ್ಲ. ಚೆನ್ನಾಗಿಯೇ ಗೊತ್ತಿತ್ತು. ಆದರೆ ಅಷ್ಟಕ್ಕೇ ವ್ಯಾಪಾರ ನಿಲ್ಲಿಸಿ, ಉಳಿದ ಆಯುಷ್ಯವನ್ನೂ ಹಣವನ್ನೂ ಊರಿನ ಕೆಲಸಕ್ಕೆ ಕೊಡುತ್ತೇನೆ ಎಂದು ತಂದೆಯ ಒಪ್ಪಿಗೆ ಕೇಳಿದರು. 1879ರಲ್ಲಿ ತೋಚಿಗಿಯಲ್ಲಿ ಒಂದು ಪತ್ರಿಕೆ ಶುರುಮಾಡಿದರು. ಮರುವರ್ಷ ಪ್ರಾಂತ್ಯದ ಸಭೆಗೆ ಆಯ್ಕೆಯಾದರು, 1886ರಲ್ಲಿ ಅದರ ಅಧ್ಯಕ್ಷರಾದರು. 1890ರಲ್ಲಿ ಜಪಾನಿನ ಮೊಟ್ಟಮೊದಲ ಸಂಸತ್ತಿನ ಚುನಾವಣೆ ನಡೆದಾಗ ಗೆದ್ದು ಟೋಕಿಯೋಗೆ ಹೋದರು. ಆಗ ಅವರಿಗೆ ಹತ್ತಿರ ಹತ್ತಿರ 50 ವರ್ಷ.

ಅದೇ ವರ್ಷ ವತರಾಸೆ ನದಿಗೆ ದೊಡ್ಡ ನೆರೆ ಬಂತು. ಅವರ ಬದುಕಿನ ದಾರಿಯನ್ನೇ ಬದಲಿಸಿದ್ದು ಆ ನೆರೆ.

ವತರಾಸೆ ನದಿ ಹುಟ್ಟುವ ಬೆಟ್ಟಗಳಲ್ಲಿ ಆಶಿಯೋ ಎಂಬ ಊರಿದೆ. ಅಲ್ಲಿ ಹಳೆಯ ತಾಮ್ರದ ಗಣಿ ಇತ್ತು. ತಾಮ್ರ ಮುಗಿದೇ ಹೋಯಿತು ಎಂದುಕೊಂಡಿದ್ದ ಆ ಗಣಿಯನ್ನು 1877ರಲ್ಲಿ ಫುರುಕಾವಾ ಇಚಿಬೇ ಎಂಬ ಉದ್ಯಮಿ ಕೊಂಡರು. ಕೆಲವೇ ವರ್ಷಗಳಲ್ಲಿ ಹೊಸ ಅದಿರು ಸಿಕ್ಕಿತು. ಹೊಸ ಯಂತ್ರ ಬಂತು, ವಿದ್ಯುತ್ ಬಂತು. ಆಶಿಯೋ ಜಪಾನಿನ ಅತಿ ದೊಡ್ಡ ತಾಮ್ರದ ಗಣಿಯಾಯಿತು. ತಾಮ್ರ ಹೊರದೇಶಕ್ಕೆ ಹೋಗುತ್ತಿತ್ತು, ಆ ಹಣದಲ್ಲಿ ಜಪಾನ್ ಯಂತ್ರಗಳನ್ನೂ ಯುದ್ಧನೌಕೆಗಳನ್ನೂ ತರಿಸುತ್ತಿತ್ತು. ಆಶಿಯೋ ಪೂರ್ತಿ ಕಂಪನಿಯ ಊರು. ಕಾರ್ಮಿಕರ ಮನೆ, ಆಸ್ಪತ್ರೆ, ಶಾಲೆ, ದಿನಸಿ ಅಂಗಡಿ, ಎಲ್ಲವೂ ಕಂಪನಿಯದೇ. 1916ರ ಹೊತ್ತಿಗೆ ಆ ಕಣಿವೆಯಲ್ಲಿ 38,000 ಜನ ಇದ್ದರು. ಗಣಿ ನಿಂತರೆ ಅಷ್ಟೂ ಮನೆಗಳ ಒಲೆ ಆರುತ್ತದೆ.

ಕುಲುಮೆಗೆ ಉರುವಲು ಬೇಕು, ಸುರಂಗಕ್ಕೆ ಆಸರೆ ಕಂಬ ಬೇಕು. ಅದಕ್ಕೆ ಬೆಟ್ಟದ ಮರ ಕಡಿದರು. ಉಳಿದ ಮರಗಳನ್ನು ಕುಲುಮೆಯಿಂದ ಬಂದ ಗಂಧಕದ ಹೊಗೆ ಒಣಗಿಸಿತು. ಹೊಗೆ ಬೀಸುವ ದಿಕ್ಕಿನಲ್ಲಿದ್ದ ಮತ್ಸುಕಿ ಎಂಬ ಹಳ್ಳಿಯಲ್ಲಿ ಬೆಳೆ ಬರುವುದು ನಿಂತು, ಕೊನೆಗೆ ಜನ ಊರನ್ನೇ ಬಿಟ್ಟುಹೋದರು. ಬೋಳು ಬೆಟ್ಟದ ಮೇಲೆ ಮಳೆ ಬಿದ್ದಾಗ ಮಣ್ಣು ಕೊಚ್ಚಿ ನದಿಗೆ ಬಂತು. ಅದಿರು ತೆಗೆದ ಮೇಲೆ ಉಳಿದ ವಿಷದ ಪುಡಿಯೂ ಅದರ ಜೊತೆ ಬಂತು. ನದಿಯ ತಳ ಏರಿತು, ನೆರೆ ಹೆಚ್ಚಿತು.

ಇಲ್ಲಿ ಒಂದು ವಿಷಯ ನನ್ನ ಮನಸ್ಸಿಗೆ ನಾಟಿತು. ಮೊದಲು ವತರಾಸೆ ದಂಡೆಯ ರೈತರು ನೆರೆ ಬಂದರೆ ಅಷ್ಟಾಗಿ ಅಳುತ್ತಿರಲಿಲ್ಲ. ನೀರು ಇಳಿದ ಮೇಲೆ ಕಾಡಿನ ಫಲವತ್ತಾದ ಮಣ್ಣು ಗದ್ದೆಯಲ್ಲಿ ಉಳಿಯುತ್ತಿತ್ತು, ಗೊಬ್ಬರ ಹಾಕುವ ಕೆಲಸವೇ ಇರುತ್ತಿರಲಿಲ್ಲ. ನದಿಯೇ ಅವರಿಗೆ ಗೊಬ್ಬರ ತಂದುಕೊಡುತ್ತಿತ್ತು. 1890ರ ನೆರೆ ಇಳಿದಾಗ ಗದ್ದೆಯಲ್ಲಿ ಉಳಿದದ್ದು ತಾಮ್ರ ಬೆರೆತ ಮಣ್ಣು. ಭತ್ತ ಸತ್ತಿತು. ಮೀನುಗಳು ಆಗಲೇ ಕಡಿಮೆಯಾಗಿದ್ದವು, ಮೀನು ಹಿಡಿದು ಬದುಕುತ್ತಿದ್ದವರು ಬೇರೆ ಕೆಲಸ ಹುಡುಕಿಕೊಂಡರು. ರೈತರು ಮಣ್ಣನ್ನು ಪರೀಕ್ಷೆಗೆ ಕಳಿಸಿದರು. ಕೃಷಿ ಕಾಲೇಜಿನ ಅಧ್ಯಾಪಕ ಕೊಜಾಯ್ ಯೋಶಿನಾವೊ ಅವರು ಬೆಳೆ ಸಾಯಲು ತಾಮ್ರದ ಅಂಶವೇ ಕಾರಣ ಎಂದು ವರದಿ ಕೊಟ್ಟರು.

1891ರ ಡಿಸೆಂಬರಿನಲ್ಲಿ ತನಾಕಾ ಸಂಸತ್ತಿನಲ್ಲಿ ಎದ್ದು ನಿಂತು ಆಶಿಯೋ ಬಗ್ಗೆ ಮೊದಲ ಪ್ರಶ್ನೆ ಕೇಳಿದರು. ಹೊಸ ಸಂವಿಧಾನ ಪ್ರಜೆಯ ಆಸ್ತಿಗೆ ರಕ್ಷಣೆ ಕೊಟ್ಟಿದೆ, ಗಣಿ ಕಾನೂನಿನಲ್ಲೂ ಸಾರ್ವಜನಿಕರಿಗೆ ತೊಂದರೆಯಾದರೆ ಗಣಿ ನಿಲ್ಲಿಸುವ ಅವಕಾಶ ಇದೆ, ಹಾಗಿದ್ದರೂ ಸರ್ಕಾರ ಸುಮ್ಮನಿರುವುದೇಕೆ ಎಂಬುದು ಅವರ ವಾದ. ಉತ್ತರ ಕೊಡಬೇಕಾದವರು ಕೃಷಿ ಮತ್ತು ವಾಣಿಜ್ಯ ಮಂತ್ರಿ ಮುತ್ಸು ಮುನೆಮಿತ್ಸು. ಮುತ್ಸು ಅವರ ಎರಡನೇ ಮಗನನ್ನು ಗಣಿ ಮಾಲೀಕ ಫುರುಕಾವಾ ದತ್ತು ತೆಗೆದುಕೊಂಡಿದ್ದರು. ಹೀಗಿದ್ದಾಗ ಬೆಳೆ ಹಾಳಾದ ಕಾರಣ ಇನ್ನೂ ಖಚಿತವಾಗಿಲ್ಲ ಎಂಬ ಉತ್ತರ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಇತ್ತ ಹಳ್ಳಿಗಳಲ್ಲಿ ಕಂಪನಿ ರೈತರ ಜೊತೆ ಕರಾರು ಮಾಡಿಕೊಳ್ಳತೊಡಗಿತು. ಸ್ವಲ್ಪ ಹಣ ಕೊಡುತ್ತೇವೆ, 1896ರ ಜೂನ್‌ವರೆಗೆ ದೂರು ಕೊಡಬಾರದು ಎಂಬುದು ಮೊದಲ ಕರಾರು. ಮುಂದೆ ಎಂದೆಂದಿಗೂ ದೂರು ಕೊಡುವುದಿಲ್ಲ ಎಂದು ಬರೆಸಿಕೊಳ್ಳುವ ಕರಾರುಗಳೂ ಬಂದವು. ಬೆಳೆ ಇಲ್ಲದೆ ಕೂತ ರೈತರು ಸಹಿ ಹಾಕಿದರು. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಕರಾರಿಗೆ ಒಪ್ಪಿಗೆ ಸ್ವತಂತ್ರವಾಗಿರಬೇಕು ಎಂದು ನಾವು ಓದುತ್ತೇವೆ. ಮನೆಯಲ್ಲಿ ಅಕ್ಕಿ ಇಲ್ಲದವನ ಒಪ್ಪಿಗೆ ಎಷ್ಟು ಸ್ವತಂತ್ರ?

1896ರಲ್ಲಿ ಇನ್ನೂ ದೊಡ್ಡ ನೆರೆ ಬಂದು ಆ ಕರಾರುಗಳ ಬಣ್ಣ ಬಯಲಾಯಿತು. ತನಾಕಾ ಮತ್ತು ರೈತರು ಉನ್‌ರ್ಯೂಜಿ ಎಂಬ ಬೌದ್ಧ ದೇವಾಲಯವನ್ನೇ ಚಳವಳಿಯ ಕಚೇರಿ ಮಾಡಿಕೊಂಡರು. 1897ರಲ್ಲಿ ಸಾವಿರಾರು ರೈತರು ನಡೆದುಕೊಂಡೇ ಟೋಕಿಯೋಗೆ ಹೊರಟರು. ಪತ್ರಿಕೆಗಳು ಬರೆದವು, ಸರ್ಕಾರ ಕದಲಿತು. ಅದೇ ವರ್ಷ ಕಂಪನಿಗೆ 37 ಅಂಶಗಳ ಆದೇಶ ಹೊರಟಿತು. ನೀರು ತಿಳಿಗೊಳಿಸುವ ಹೊಂಡ ಕಟ್ಟಬೇಕು, ಹೊಗೆಯಿಂದ ಗಂಧಕ ತೆಗೆಯಬೇಕು, ಗಡುವಿನೊಳಗೆ ಮಾಡದಿದ್ದರೆ ಗಣಿ ಬಂದ್. ಕಂಪನಿ ಹಣ ಸುರಿದು ಗಡುವಿನೊಳಗೆ ಎಲ್ಲ ಕಟ್ಟಿತು. ಆದರೆ ಹೊಗೆ ತೊಳೆಯುವ ಗೋಪುರ ಸರಿಯಾಗಿ ಕೆಲಸ ಮಾಡಲಿಲ್ಲ. ಮರುವರ್ಷದ ನೆರೆಯಲ್ಲಿ ವಿಷದ ಮಣ್ಣು ಮತ್ತೆ ಗದ್ದೆಗೆ ಬಂತು.

1898ರಲ್ಲಿ ರೈತರು ಮತ್ತೆ ಹೊರಟಾಗ ತನಾಕಾ ದಾರಿಯಲ್ಲೇ ಅವರನ್ನು ತಡೆದರು. ಈಗ ಹೊಸ ಸರ್ಕಾರ ಬಂದಿದೆ, ನಾನೇ ಮಾತಾಡುತ್ತೇನೆ, ಕೆಲವರು ಮಾತ್ರ ಬನ್ನಿ, ಉಳಿದವರು ಮನೆಗೆ ಹೋಗಿ ಎಂದು ಒಪ್ಪಿಸಿದರು. ರೈತರು ಅವರ ಮಾತು ನಂಬಿ ಹಿಂತಿರುಗಿದರು. ಆ ಸರ್ಕಾರ ಸ್ವಲ್ಪ ದಿನದಲ್ಲೇ ಬಿದ್ದುಹೋಯಿತು, ಏನೂ ಆಗಲಿಲ್ಲ. ನಾನು ಅವರಿಗೆ ಸುಳ್ಳು ಹೇಳಿದಂತಾಯಿತು ಎಂಬ ನೋವು ತನಾಕಾ ಅವರನ್ನು ಬಿಡಲಿಲ್ಲ. ದೊಡ್ಡವರ ಕಥೆಗಳಲ್ಲಿ ಇಂಥ ತಪ್ಪುಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನಗೆ ಅವರು ಹತ್ತಿರವಾದದ್ದು ಇದನ್ನು ಓದಿದ ಮೇಲೆ. 1899ರಲ್ಲಿ ಸಂಸತ್ ಸದಸ್ಯರ ವರ್ಷದ ಸಂಬಳವನ್ನು 800 ಯೆನ್‌ನಿಂದ 2,000 ಯೆನ್‌ಗೆ ಏರಿಸಿದಾಗ ಅವರು ವಿರೋಧಿಸಿದರು. ಮಸೂದೆ ಪಾಸಾಯಿತು. ತನಾಕಾ ಏರಿಕೆಯನ್ನಷ್ಟೇ ಅಲ್ಲ, ಇಡೀ ಸಂಬಳವನ್ನೇ ಬಿಟ್ಟುಕೊಟ್ಟರು.

1900ರ ಫೆಬ್ರವರಿ 13ರಂದು ರೈತರು ಮತ್ತೆ ಹೊರಟರು. ತೋನೆ ನದಿಯ ದಂಡೆಯ ಕವಾಮಾತಾ ಎಂಬಲ್ಲಿ ಪೊಲೀಸರು ಕಾದಿದ್ದರು. ಕೈಯಲ್ಲಿ ಏನೂ ಇಲ್ಲದ ರೈತರನ್ನು ಹೊಡೆದು ಚದುರಿಸಿದರು. 51 ಜನರ ಮೇಲೆ ಮೊಕದ್ದಮೆ ಹೂಡಿದರು. ನಾಲ್ಕು ದಿನದ ಮೇಲೆ ತನಾಕಾ ಸಂಸತ್ತಿನಲ್ಲಿ, ಪ್ರಜೆಗಳನ್ನು ಕೊಂದರೆ ದೇಶವನ್ನೇ ಕೊಂದಂತೆ, ಇದು ಸರ್ಕಾರಕ್ಕೆ ತಿಳಿಯದೇ ಎಂದು ಕೇಳಿದರು. ಪ್ರಧಾನಿ ಯಮಾಗಾತಾ, ಪ್ರಶ್ನೆಯ ಅರ್ಥವೇ ಸ್ಪಷ್ಟವಾಗಿಲ್ಲ, ಆದ್ದರಿಂದ ಉತ್ತರ ಇಲ್ಲ ಎಂದು ಮುಗಿಸಿಬಿಟ್ಟರು. ರೈತರ ವಿಚಾರಣೆ ನಡೆಯುವಾಗ ತನಾಕಾ ನ್ಯಾಯಾಲಯದಲ್ಲಿ ಜೋರಾಗಿ ಆಕಳಿಸಿದರು ಎಂದು ಅವರ ಮೇಲೂ ಕೇಸು ಬಿತ್ತು. ಆ ಆಕಳಿಕೆಗಾಗಿ 1902ರಲ್ಲಿ ಅವರು ಸುಮಾರು 40 ದಿನ ಜೈಲಿನಲ್ಲಿದ್ದರು. ರೈತರ ಮೇಲಿನ ಮೊಕದ್ದಮೆ ಮಾತ್ರ ಕಾಗದಪತ್ರದ ಒಂದು ದೋಷದಿಂದ ಬಿದ್ದುಹೋಯಿತು.

ಹತ್ತು ವರ್ಷ ಸಂಸತ್ತಿನಲ್ಲಿ ಮಾತಾಡಿ ದಣಿದ ತನಾಕಾ 1901ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. ನೇರ ಚಕ್ರವರ್ತಿಗೇ ಅರ್ಜಿ ಕೊಡುವುದೆಂದು ನಿಶ್ಚಯಿಸಿದರು. ಅಂಥ ಅರ್ಜಿಯ ಭಾಷೆ ಕಷ್ಟ. ಆದ್ದರಿಂದ ಕೋತೊಕು ಶೂಸುಯಿ ಎಂಬ ಯುವ ಪತ್ರಕರ್ತರಿಂದ ಬರೆಸಿದರು. ಬರೆದದ್ದನ್ನು ಹಾಗೇ ಒಪ್ಪಲಿಲ್ಲ. ತಾವೇ ಕೂತು ಅಲ್ಲಲ್ಲಿ ಹೊಡೆದು ತಿದ್ದಿ, ತಿದ್ದಿದ ಕಡೆಯೆಲ್ಲ ತಮ್ಮ ಮೊಹರು ಒತ್ತಿದರು. ಡಿಸೆಂಬರ್ 10ರಂದು ಮೇಜಿ ಚಕ್ರವರ್ತಿ ಸಂಸತ್ತಿನಿಂದ ಸಾರೋಟಿನಲ್ಲಿ ಮರಳುವಾಗ, 60 ವರ್ಷದ ಆ ಮುದುಕ ಅರ್ಜಿ ಎತ್ತಿ ಹಿಡಿದು ಓಡಿದರು. ಕಾವಲಿನ ಕುದುರೆ ಸವಾರನೊಬ್ಬ ತಡೆಯಲು ಹೋಗಿ ಬಿದ್ದ. ತನಾಕಾ ಕೂಡ ಮುಗ್ಗರಿಸಿ ಬಿದ್ದರು. ಅರ್ಜಿ ಚಕ್ರವರ್ತಿಯ ಕೈ ಸೇರಲಿಲ್ಲ. ಸಾಯಲೂ ಸಿದ್ಧರಾಗಿ ಬಂದಿದ್ದ ಅವರನ್ನು ಹುಚ್ಚ ಎಂದು ಹೇಳಿ ಬಿಟ್ಟುಬಿಟ್ಟರು. ಶಿಕ್ಷೆ ಕೊಟ್ಟರೆ ವಿಚಾರಣೆ ಆಗಬೇಕು, ವಿಚಾರಣೆ ಆದರೆ ಆಶಿಯೋ ಹೆಸರು ಬರಬೇಕು. ಹುಚ್ಚ ಎಂದರೆ ಅದೇನೂ ಇಲ್ಲ.

ಆದರೆ ಪತ್ರಿಕೆಗಳು ಆ ಅರ್ಜಿಯನ್ನು ಅಚ್ಚು ಮಾಡಿದವು. ದೇಶವೆಲ್ಲ ಓದಿತು. ಆ ಚಳಿಗಾಲದಲ್ಲಿ ಟೋಕಿಯೋದ ಮಹಿಳೆಯರು ಸಭೆ ನಡೆಸಿ ಸಂತ್ರಸ್ತರಿಗೆ ಬಟ್ಟೆ, ಹಣ ಕೂಡಿಸಿದರು. ಅಂಥ ಒಂದು ಸಭೆಯಲ್ಲಿ ಕವಾಕಾಮಿ ಹಾಜಿಮೆ ಎಂಬ ವಿದ್ಯಾರ್ಥಿ ತಾನು ತೊಟ್ಟಿದ್ದ ಕೋಟನ್ನು ಅಲ್ಲೇ ಕಳಚಿ ಕೊಟ್ಟ. ಮರುದಿನ ಮನೆಯಲ್ಲಿದ್ದ ಉಳಿದ ಬಟ್ಟೆಗಳನ್ನೂ ಕಳಿಸಿದ. ಮುಂದೆ ಅವರು ಜಪಾನಿನ ಹೆಸರಾಂತ ಅರ್ಥಶಾಸ್ತ್ರಜ್ಞರಾದರು. ನೂರಾರು ವಿದ್ಯಾರ್ಥಿಗಳು ಹಾಳಾದ ಹಳ್ಳಿಗಳನ್ನು ನೋಡಲು ಹೊರಟರು. ಶಿಗಾ ನಾವೊಯಾ ಎಂಬ 18 ವರ್ಷದ ಹುಡುಗನೂ ಹೊರಡಲು ಸಿದ್ಧನಾದ. ಅವನ ತಂದೆ ಬೇಡವೆಂದರು, ಏಕೆಂದರೆ ಅವನ ತಾತ ಹಿಂದೆ ಫುರುಕಾವಾ ಜೊತೆ ಅದೇ ಗಣಿಯಲ್ಲಿ ಪಾಲುದಾರರಾಗಿದ್ದರು. ಆ ಜಗಳದಿಂದ ತಂದೆ ಮಗನ ನಡುವೆ ಬಿದ್ದ ಬಿರುಕು ಅನೇಕ ವರ್ಷ ಮುಚ್ಚಲಿಲ್ಲ. ಶಿಗಾ ಮುಂದೆ ದೊಡ್ಡ ಲೇಖಕರಾದರು. ಈ ಭಾಗ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಡುಗೆಮನೆಯಲ್ಲಿ ಅಬ್ಬಾ ರಾತ್ರಿ ಪಾಳಿಗೆ ಹೊರಡುವ ಸದ್ದು ಕೇಳಿಸುತ್ತಿತ್ತು.

ಜನರ ಸಿಟ್ಟು ಕಂಡು ಸರ್ಕಾರ ಸಮಿತಿ ಮಾಡಿತು. ಸಮಿತಿ ಪ್ರಶ್ನೆಯನ್ನೇ ಬದಲಿಸಿಬಿಟ್ಟಿತು. ತೊಂದರೆ ಗಣಿಯದಲ್ಲ, ನೆರೆಯದು ಎಂಬಂತಾಯಿತು. ನೆರೆ ತಡೆಯಲು ಕೆಳಗಿನ ಯನಾಕಾ ಎಂಬ ಹಳ್ಳಿಯನ್ನು ತೆರವು ಮಾಡಿ ಅಲ್ಲಿ ನೀರು ನಿಲ್ಲಿಸುವ ಯೋಜನೆ ಬಂತು. ಆ ಹಳ್ಳಿಯಲ್ಲಿ ಸುಮಾರು 2,700 ಜನ ಇದ್ದರು. 1904ರಲ್ಲಿ ತನಾಕಾ ತಮ್ಮ ಊರು ಬಿಟ್ಟು ಯನಾಕಾದಲ್ಲೇ ಹೋಗಿ ನೆಲೆಸಿದರು. ಅಲ್ಲಿಯವರೆಗೆ ಅವರು ಹಳ್ಳಿಯವರಿಗೆ ಹೇಳಿಕೊಡುವ ನಾಯಕ. ಯನಾಕಾದಲ್ಲಿ ಅವರು ಕಲಿಯುವವರಾದರು. ನದಿ ಹೇಗೆ ಹರಿಯುತ್ತದೆ, ಒಡ್ಡು ಎಲ್ಲಿ ನಿಲ್ಲುತ್ತದೆ ಎಂಬುದು ಅಧಿಕಾರಿಗಳಿಗಿಂತ ಅಲ್ಲಿನ ರೈತರಿಗೆ ಹೆಚ್ಚು ಗೊತ್ತು ಎಂದು ಕಂಡುಕೊಂಡರು. 1906ರಲ್ಲಿ ದಾಖಲೆಯಲ್ಲಿ ಹಳ್ಳಿಯ ಹೆಸರು ಅಳಿಸಿದರು. 1907ರಲ್ಲಿ ಕದಲದೆ ಉಳಿದಿದ್ದ 16 ಮನೆಗಳನ್ನು ಕೆಡವಿದರು. ಆ ಜನ ಅಲ್ಲೇ ಗುಡಿಸಲು ಹಾಕಿಕೊಂಡು ಕೂತರು, ತನಾಕಾ ಅವರ ಜೊತೆಗಿದ್ದರು.

ಅದೇ 1907ರಲ್ಲಿ ಮೇಲೆ ಆಶಿಯೋದಲ್ಲಿ ಗಣಿ ಕಾರ್ಮಿಕರು ಸಂಬಳ ಸಾಲದೆ ದಂಗೆ ಎದ್ದರು, ಸೈನ್ಯ ಬಂದು ಅಡಗಿಸಿತು. ಕಂಪನಿಯ ಊರಿನಲ್ಲಿ ಕಂಪನಿಯ ಅನ್ನ ತಿಂದವರೂ ಸುಖವಾಗಿರಲಿಲ್ಲ. ಮೇಲಿನವರು ಒಂದು ಕಡೆ, ಕೆಳಗಿನವರು ಇನ್ನೊಂದು ಕಡೆ ಎಂದು ನಾನು ಅದುವರೆಗೆ ಅಂದುಕೊಂಡಿದ್ದೆ. ಇದನ್ನು ಓದಿದ ಮೇಲೆ ಹಾಗೆ ಅಂದುಕೊಳ್ಳಲು ಆಗಲಿಲ್ಲ.

ನದಿಗಳ ದಂಡೆಯಲ್ಲಿ ನಡೆದು ನೆರೆಯ ಲೆಕ್ಕ ಬರೆದುಕೊಳ್ಳುತ್ತಾ ತನಾಕಾ ಕೊನೆಯ ವರ್ಷಗಳನ್ನು ಕಳೆದರು. 1913ರ ಸೆಪ್ಟೆಂಬರ್ 4ರಂದು, ಪರಿಚಿತ ರೈತರೊಬ್ಬರ ಮನೆಯಲ್ಲಿ ತೀರಿಕೊಂಡರು. ಅವರ ಹತ್ತಿರ ಉಳಿದದ್ದು ಒಂದು ಚೀಲ. ಅದರಲ್ಲಿ ಬೈಬಲಿನ ಹೊಸ ಒಡಂಬಡಿಕೆ, ಸಂವಿಧಾನದ ಪ್ರತಿ, ದಿನಚರಿ, ಬರೆದ ಕಾಗದ, ಸ್ವಲ್ಪ ನದಿಯ ಪಾಚಿ ಮತ್ತು ಮೂರು ಸಣ್ಣ ಕಲ್ಲು ಇದ್ದವು. ಅಂತ್ಯಕ್ರಿಯೆಗೆ ಹತ್ತಾರು ಸಾವಿರ ಜನ ಬಂದರು. ಅವರ ಅಸ್ಥಿಯನ್ನು ಹಲವು ಊರುಗಳು ಹಂಚಿಕೊಂಡವು.

ಲೆಕ್ಕ ನೋಡಿದರೆ ಅವರು ಸೋತರು. ಗಣಿ ಮುಚ್ಚಿದ್ದು 1973ರಲ್ಲಿ, ಅವರು ಸತ್ತು 60 ವರ್ಷಕ್ಕೆ. 1974ರಲ್ಲಿ ಕಂಪನಿ ಕೆಳಗಿನ ರೈತರಿಗೆ 155 ಕೋಟಿ ಯೆನ್ ಪರಿಹಾರ ಕೊಡಲು ಒಪ್ಪಿತು. ಇನ್ನೊಂದು ವಿಷಯವಿದೆ. 1956ರಲ್ಲಿ ಹೊಸ ರೀತಿಯ ಕುಲುಮೆ ಬಂದ ಮೇಲೆ ಆ ಗಂಧಕದ ಹೊಗೆಯನ್ನು ಹಿಡಿದು ಗಂಧಕಾಮ್ಲ ಮಾಡಿ ಮಾರತೊಡಗಿದರು. ಹಳ್ಳಿ ಸುಟ್ಟ ಹೊಗೆಯೇ ಸರಕಾಯಿತು! ಕಂಪನಿಯ ಲಾಭನಷ್ಟದ ತಃಖ್ತೆಯಲ್ಲಿ ಮತ್ಸುಕಿಯ ಬೆಳೆ, ವತರಾಸೆಯ ಮೀನು, ಯನಾಕಾದ ಮನೆಗಳು ಯಾವ ಸಾಲಿನಲ್ಲೂ ಇರಲಿಲ್ಲ. ಖರ್ಚು ಇರಲಿಲ್ಲ ಎಂದಲ್ಲ, ಬೇರೆಯವರು ಕೊಟ್ಟಿದ್ದರು. ಅದನ್ನು ಲೆಕ್ಕಕ್ಕೆ ಸೇರಿಸಿ ಎಂದು ಒಬ್ಬ ಮನುಷ್ಯ 20 ವರ್ಷಕ್ಕೂ ಹೆಚ್ಚು ಕಾಲ ಕೇಳಿದರು. ನಾನು ತಿಳಿದುಕೊಂಡಂತೆ ಅವರ ಬದುಕಿನ ಸಾರ ಅಷ್ಟೇ.

ಇನ್ನು ನನ್ನ ಅರ್ಜಿಯ ವಿಷಯ. ಕೊನೆಗೂ ಬರೆದೆ. ಬರೆಯುವಾಗ ಒಂದು ಗಮನಕ್ಕೆ ಬಂತು: ಅರ್ಜಿ, ಹಕ್ಕು, ಜಮೀನು, ರೈತ, ಇವೆಲ್ಲ ನಮ್ಮ ಮನೆಯಲ್ಲೂ ಆಡುವ ಮಾತುಗಳೇ. ಕನ್ನಡಕ್ಕಾಗಿ ನಾನು ಬಹಳ ಹುಡುಕಬೇಕಾಗಲಿಲ್ಲ. ಅಬ್ಬಾಗೆ ಗೊತ್ತಿಲ್ಲದಂತೆ ಕೊಡಲು ಮನಸ್ಸಾಗಲಿಲ್ಲ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಆದ್ದರಿಂದ ಒಂದು ಭಾನುವಾರ ಪೂರ್ತಿ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಹಳ್ಳದ ಮೀನೆಲ್ಲ ಸತ್ತಿವೆ ಎಂದು ಬರೆದಿದ್ದೀಯಲ್ಲ, ನೀನು ನೋಡಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಅದನ್ನು ಹೊಡೆದುಹಾಕು, ನೋಡಿದ್ದನ್ನು ಮಾತ್ರ ಬರಿ, ಒಂದು ಸುಳ್ಳು ಸಿಕ್ಕರೆ ಉಳಿದದ್ದನ್ನೂ ಯಾರೂ ಓದುವುದಿಲ್ಲ ಎಂದರು. ಹೊಡೆದುಹಾಕಿದೆ. ಅಬ್ಬಾ ಸಹಿ ಹಾಕಲಿಲ್ಲ, ನಾನೂ ಕೇಳಲಿಲ್ಲ. ಅಮ್ಮಿ ಮಾತ್ರ ಅದು ನನ್ನ ತವರಿನ ಬಾವಿ ಎಂದು ಹೇಳಿ ಉರ್ದುವಿನಲ್ಲಿ ಸಹಿ ಹಾಕಿದರು.

ಬಾವಿ ನೀರು ಇನ್ನೂ ಹಾಗೇ ಇದೆ. ಆದರೆ ಕಚೇರಿಯಲ್ಲಿ ನಮ್ಮ ಅರ್ಜಿ ತೆಗೆದುಕೊಂಡು ಪ್ರತಿಯ ಮೇಲೆ ಮೊಹರು ಹಾಕಿ, ತಾರೀಕು ಬರೆದು ಕೊಟ್ಟರು. ತನಾಕಾ ಅವರಿಗೆ ಅದೂ ಸಿಗಲಿಲ್ಲ. ಅವರು ಹಿಡಿದು ಓಡಿದ ಆ ಅರ್ಜಿ ಈಗಲೂ ಇದೆ. 2014ರ ಮೇ ತಿಂಗಳಲ್ಲಿ ಮೇಜಿ ಚಕ್ರವರ್ತಿಯ ಮರಿಮಗ ಅಕಿಹಿತೊ ತನಾಕಾ ಅವರ ಊರಿನ ಕಡೆಗೆ, ಸಾನೊ ನಗರದ ಸಂಗ್ರಹಾಲಯಕ್ಕೆ ಬಂದು, ಆ ಕಾಗದವನ್ನು ನೋಡಿದರು. 112 ವರ್ಷ ತಡವಾಗಿ ಅದು ಅರಮನೆಯವರ ಕಣ್ಣಿಗೆ ಬಿತ್ತು.

ನಮ್ಮ ಅರ್ಜಿಯ ಪ್ರತಿಯನ್ನು ಮಾಮು ಪಹಣಿ ಕಾಗದಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾರೆ. ಮುಂದಿನ ತಿಂಗಳು ಹೋಗಿ ಕೇಳಿ ಬರಬೇಕು. ಜೊತೆಗೆ ನಾನೂ ಹೋಗುತ್ತೇನೆ.